ಎಟಿಆರ್ ಅಥವಾ ಸಣ್ಣ ಜೆಟ್: ಕೈಯಲ್ಲಿ ಎರಡು ಆಫರ್ ಇವೆ, 10 ದಿನದಲ್ಲಿ ಉತ್ತರ ಕೊಡಬೇಕು

ಹಾವೇರಿ_ಹಕ್ಕಿ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು.

ನಮ್ಮೂರು ರಾಣೆಬೆನ್ನೂರು. ಅಪ್ಪನದು ಬಿತ್ತನೆ ಬೀಜದ ಅಂಗಡಿ. 2023ರಲ್ಲಿ ನನಗೆ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಸಿಕ್ಕಿತು. ಒಟ್ಟು 212 ಗಂಟೆ ಹಾರಿದ್ದೇನೆ. ಮಲ್ಟಿ ಎಂಜಿನ್, ಇನ್‌ಸ್ಟ್ರುಮೆಂಟ್ ರೇಟಿಂಗ್ ಎರಡೂ ಇವೆ. ಆಮೇಲೆ ಎರಡು ವರ್ಷಕ್ಕೂ ಜಾಸ್ತಿ ಕೆಲಸವಿಲ್ಲದೆ ಕೂತೆ. ಲಿಖಿತ ಪರೀಕ್ಷೆ ಬರೆದೆ, ಸಿಮ್ಯುಲೇಟರ್ ಚೆಕ್‌ಗೆ ಹೋದೆ, ಎರಡು ಕಡೆ ಇಂಟರ್‌ವ್ಯೂವರೆಗೆ ಹೋಗಿ ವಾಪಸ್ ಬಂದೆ. ನಡುವೆ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಟ್ಟೆ. ಈಗ ನೋಡಿದರೆ ಒಂದೇ ತಿಂಗಳಲ್ಲಿ ಎರಡು ಆಫರ್ ಬಂದಿವೆ. ಎರಡೂ ಸಣ್ಣ ಊರುಗಳಿಗೆ ಹಾರುವ ಪ್ರಾದೇಶಿಕ ಕಂಪನಿಗಳೇ.

ಒಂದು ಕಡೆ ಎಟಿಆರ್ 72-600, ಅಂದರೆ ಪ್ರೊಪೆಲ್ಲರ್ ವಿಮಾನ, ಇನ್ನೊಂದು ಕಡೆ ಸಣ್ಣ ಜೆಟ್. ಎರಡಕ್ಕೂ ಟ್ರೇನಿಂಗ್ ಬಾಂಡ್ (ಇಷ್ಟು ವರ್ಷ ಬಿಡುವಂತಿಲ್ಲ, ಬಿಟ್ಟರೆ ಹಣ ಕಟ್ಟಬೇಕು ಅನ್ನೋ ಕರಾರು) ಇದೆ. ಒಂದರದು 3 ವರ್ಷ, ಇನ್ನೊಂದರದು 5. ಯಾವುದು ಯಾವುದಕ್ಕೆ ಅಂತ ಬರೆಯುವುದಿಲ್ಲ, ಕಂಪನಿಗಳ ಹೆಸರೂ ಬೇಡ. ನಮ್ಮ ಫೀಲ್ಡ್ ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು. ಸಂಬಳದಲ್ಲಿ ಅಂಥ ವ್ಯತ್ಯಾಸ ಇಲ್ಲ. ಎಟಿಆರ್ ಬ್ಯಾಚ್ ಮುಂದಿನ ತಿಂಗಳೇ ಶುರು. ಇನ್ನೊಂದು ನಾಲ್ಕೈದು ತಿಂಗಳ ಮೇಲೆ.

ಜೊತೆಗೆ ಕಲಿತವರೆಲ್ಲ ಒಂದೇ ಮಾತು ಹೇಳುತ್ತಾರೆ: ಪ್ರೊಪೆಲ್ಲರ್‌ನಲ್ಲಿ ಸಿಕ್ಕಿಕೊಂಡರೆ ಮುಂದೆ ಏರ್‌ಬಸ್ ಸಿಗಲ್ಲ. ಅಮ್ಮನಿಗೆ ನಾನು ಬೆಂಗಳೂರಿನಲ್ಲಿದ್ದರೆ ಸಾಕು. ಅಪ್ಪ ಏನೂ ಹೇಳುವುದಿಲ್ಲ. ಆದರೆ ನಮ್ಮ ಮನೆಯ ಪತ್ರ ಬ್ಯಾಂಕಿನಲ್ಲಿದೆ, ಕಂತು ಕಟ್ಟುತ್ತಿರುವುದು ಅವರೇ. ತಪ್ಪು ಆರಿಸಿಬಿಟ್ಟರೆ ಅನ್ನೋ ಭಯಕ್ಕೆ ನಿದ್ದೆ ಬರುತ್ತಿಲ್ಲ. ಹಾರುತ್ತಿರುವವರು ದಯವಿಟ್ಟು ಹೇಳಿ.

ರನ್‌ವೇ_27

ಜೆಟ್. ಯೋಚನೆಯೇ ಬೇಡ.

ಕೆಂಪೇಗೌಡ_ಸ್ಪಾಟರ್

ಮೊದಲು ಅಭಿನಂದನೆ! ಎರಡು ವರ್ಷ ಕಾದು ಎರಡು ಆಫರ್ ಅಂದರೆ ಸಣ್ಣ ಮಾತಲ್ಲ. ಅದನ್ನು ಹೇಳದೆ ಎಲ್ಲರೂ ನೇರ ಸಲಹೆಗೆ ಇಳಿಯುತ್ತಾರೆ.

ಎಟಿಆರ್_ಅಣ್ಣ

ತಂಗಿ, ಐದು ವರ್ಷದಿಂದ ಎಟಿಆರ್ ಹಾರಿಸುತ್ತಿದ್ದೇನೆ. ಈಗ ಎಡಗಡೆ, ಅಂದರೆ ಕ್ಯಾಪ್ಟನ್ ಸೀಟಿನಲ್ಲಿ ಕೂರುತ್ತೇನೆ. ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಅರ್ಧ ನಿಜ, ಅರ್ಧ ಕೇಳಿದ ಮಾತು.

ಎಟಿಆರ್‌ನಲ್ಲಿ ಆಟೋಥ್ರಾಟಲ್ ಇಲ್ಲ. ಪವರ್ ಎಷ್ಟು ಬೇಕು ಅಂತ ಲ್ಯಾಂಡಿಂಗ್‌ವರೆಗೂ ನಿಮ್ಮ ಕೈಯೇ ನಿರ್ಧರಿಸಬೇಕು. ನೆಲದ ಮೇಲಿದ್ದಾಗ ಕರೆಂಟು ಕೊಡುವ ಪುಟ್ಟ ಎಂಜಿನ್, ಎಪಿಯು, ಇಲ್ಲ. ನಿಲ್ದಾಣದಲ್ಲಿ ನಿಂತಾಗ ಬಲಗಡೆ ಎಂಜಿನ್ ಓಡುತ್ತಿರುತ್ತದೆ, ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ ಅದರಿಂದಲೇ ಕರೆಂಟು, ಎಸಿ ತಗೊಳ್ಳುತ್ತೇವೆ. ಹೋಟೆಲ್ ಮೋಡ್ ಅಂತೀವಿ. 25,000 ಅಡಿಗಿಂತ ಮೇಲೆ ಹೋಗುವಂತಿಲ್ಲ. ಜೆಟ್‌ನವರು ಎಷ್ಟೋ ಮೋಡಗಳನ್ನು ಮೇಲಿನಿಂದ ದಾಟಿ ಹೋಗುತ್ತಾರೆ. ನಾವು ಜೂನ್, ಜುಲೈ ತಿಂಗಳಲ್ಲಿ ಘಟ್ಟದ ಮೇಲೆ ರೇಡಾರ್ ನೋಡಿಕೊಂಡು ಸಂದಿಯಲ್ಲಿ ದಾರಿ ಹುಡುಕಬೇಕು. ಒಂದು ಎಂಜಿನ್ ನಿಂತರೆ ವಿಮಾನ ಒಂದೇ ಕಡೆಗೆ ಜೋರಾಗಿ ಎಳೆಯುತ್ತದೆ, ಕಾಲಿನ ಬಲ ಆಗ ಗೊತ್ತಾಗುತ್ತದೆ.

ಇನ್ನು ಲ್ಯಾಂಡಿಂಗ್. ಸೆಕ್ಟರ್ (ಒಂದು ಊರಿನಿಂದ ಇನ್ನೊಂದಕ್ಕೆ ಒಂದು ಹಾರಾಟ) ಒಂದು ಗಂಟೆ, ಒಂದೂಕಾಲು ಗಂಟೆ. ದಿನಕ್ಕೆ ನಾಲ್ಕು ಸೆಕ್ಟರ್ ಬಿದ್ದರೆ ಎರಡು ನಿಮ್ಮದು. ದೊಡ್ಡ ವಿಮಾನದಲ್ಲಿ ಖಂಡ ದಾಟುವ ಫಸ್ಟ್ ಆಫೀಸರ್‌ಗೆ (ಸಹ ಪೈಲಟ್‌ಗೆ) ತಿಂಗಳಿಗೆ ಎರಡು ಲ್ಯಾಂಡಿಂಗ್ ಸಿಕ್ಕರೆ ಹೆಚ್ಚು. ಮೊದಲ ಎರಡು ವರ್ಷದಲ್ಲಿ ಕೈಗೆ ಬಂದದ್ದು ಜೀವನಪೂರ್ತಿ ಇರುತ್ತದೆ.

ಏರ್‌ಬಸ್ ಸಿಗಲ್ಲ ಅನ್ನುವುದು ಸುಳ್ಳು. ನನ್ನ ಬ್ಯಾಚಿನ ಆರು ಜನರಲ್ಲಿ ನಾಲ್ವರು ಈಗ ಎ320ರಲ್ಲಿದ್ದಾರೆ.

ಗಲ್ಫ್_ಕನ್ನಡಿಗ

ಎಟಿಆರ್ ಅಣ್ಣನ ಮಾತಿಗೆ ಗೌರವವಿದೆ, ಆದರೆ ಪೂರ್ತಿ ಒಪ್ಪುವುದಿಲ್ಲ. ನಾನು ಕೊಲ್ಲಿಯ ಒಂದು ಕಂಪನಿಯಲ್ಲಿದ್ದೇನೆ. ಇಲ್ಲಿ ಅರ್ಜಿ ಹಾಕುವಾಗ ಜೆಟ್ ಗಂಟೆಗೆ ಬೇರೆಯೇ ಕಾಲಂ ಇರುತ್ತದೆ. 3,000 ಗಂಟೆ ಟರ್ಬೊಪ್ರಾಪ್ (ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನ) ಇದ್ದವರನ್ನು ಬಿಟ್ಟು 2,000 ಗಂಟೆ ಜೆಟ್ ಇದ್ದವರನ್ನು ಕರೆದದ್ದನ್ನು ಕಣ್ಣಾರೆ ನೋಡಿದ್ದೇನೆ. ನ್ಯಾಯವೋ ಅನ್ಯಾಯವೋ, ಮಾರ್ಕೆಟ್ ಇರುವುದು ಹಾಗೆ. ಹೊರದೇಶದ ಕನಸಿದ್ದರೆ ಈಗಲೇ ಅದನ್ನು ಯೋಚಿಸಿ.

ಎಟಿಆರ್_ಅಣ್ಣ

ಹೊರದೇಶದ ವಿಷಯದಲ್ಲಿ ನಿಮ್ಮ ಮಾತು ಸರಿ ಸರ್, ಒಪ್ಪುತ್ತೇನೆ. ಆದರೆ ಈ ಹುಡುಗಿಗೆ 212 ಗಂಟೆ. ಮೊದಲು 1,500 ಆಗಲಿ.

ಲೆಕ್ಕದ_ಮೇಷ್ಟ್ರು

ಎಲ್ಲರೂ ವಿಮಾನದ ಬಗ್ಗೆ ಮಾತಾಡುತ್ತಿದ್ದಾರೆ, ಗಂಟೆಯ ಲೆಕ್ಕ ಯಾರೂ ಹಾಕಲಿಲ್ಲ. ನನ್ನ ತಮ್ಮ ಪೈಲಟ್, ಅವನ ಲಾಗ್‌ಬುಕ್ ನೋಡಿ ನೋಡಿ ನನಗೂ ಅಭ್ಯಾಸವಾಗಿದೆ.

ಎಟಿಪಿಎಲ್, ಅಂದರೆ ಸಿಪಿಎಲ್‌ಗಿಂತ ಮೇಲಿನ ಲೈಸೆನ್ಸ್, ಬೇಕಾದರೆ ಒಟ್ಟು 1,500 ಗಂಟೆ. ಅದಿಲ್ಲದೆ ಕ್ಯಾಪ್ಟನ್ ಆಗುವ ಮಾತೇ ಇಲ್ಲ. ನಿಮಗಿನ್ನೂ 1,288 ಬೇಕು. ತಿಂಗಳಿಗೆ 70 ಗಂಟೆ ಹಾರಿಸುವ ಕಂಪನಿಯಾದರೆ ಹದಿನೆಂಟೂವರೆ ತಿಂಗಳು. 45 ಗಂಟೆ ಮಾತ್ರ ಕೊಟ್ಟರೆ ಇಪ್ಪತ್ತೆಂಟೂವರೆ. ಅಲ್ಲಿಗೆ ಹತ್ತು ತಿಂಗಳ ಅಂತರ. ಬ್ಯಾಚ್ ನಾಲ್ಕೈದು ತಿಂಗಳು ತಡವಾದರೆ ಅದನ್ನೂ ಸೇರಿಸಿ. ಒಂದು ಕಡೆ ನೀವು ಕಮಾಂಡ್‌ಗೆ, ಅಂದರೆ ಕ್ಯಾಪ್ಟನ್ ಆಗಲು ತಯಾರಾಗುವ ಹೊತ್ತಿಗೆ ಇನ್ನೊಂದು ಕಡೆ ಇನ್ನೂ ಎಂಟುನೂರರಿಂದ ಸಾವಿರ ಗಂಟೆಯ ಸುತ್ತ ಇರುತ್ತೀರಿ.

ಆದ್ದರಿಂದ ಕೇಳಬೇಕಾದ್ದು ಒಂದೇ: ಕಳೆದ ಆರು ತಿಂಗಳಲ್ಲಿ ಅಲ್ಲಿನ ಹೊಸ ಫಸ್ಟ್ ಆಫೀಸರ್‌ಗಳು ತಿಂಗಳಿಗೆ ಎಷ್ಟು ಗಂಟೆ ಹಾರಿದರು? ಕಂಪನಿಯವರನ್ನು ಕೇಳಬೇಡಿ, ಹಾರುತ್ತಿರುವವರನ್ನೇ ಕೇಳಿ.

ಕಮಾಂಡ್_ಅಕ್ಕ

ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ, ಒಂದು ತಿದ್ದುಪಡಿ. ಒಟ್ಟು ಗಂಟೆಯೊಂದೇ ಸಾಲದು. ರಾತ್ರಿಯ ಗಂಟೆ, ಇನ್‌ಸ್ಟ್ರುಮೆಂಟ್ ಗಂಟೆ, ಪಿಐಸಿ (ವಿಮಾನದ ಪೂರ್ತಿ ಹೊಣೆ ಹೊತ್ತು ಹಾರಿಸಿದ) ಗಂಟೆ ಎಲ್ಲದಕ್ಕೂ ಬೇರೆ ಬೇರೆ ಕನಿಷ್ಠ ಮಿತಿ ಇದೆ. ಕ್ಯಾಪ್ಟನ್ ಕಣ್ಗಾವಲಿನಲ್ಲಿ ನೀವೇ ಪೂರ್ತಿ ಹೊಣೆ ಹೊತ್ತು ಹಾರಿಸಿದ ಸೆಕ್ಟರ್‌ಗಳನ್ನು ಆಗಾಗಲೇ ಸಹಿ ಮಾಡಿಸಿಕೊಳ್ಳಬೇಕು. ನಾನು ಮೊದಲ ವರ್ಷ ಇದನ್ನು ಬಿಟ್ಟುಬಿಟ್ಟೆ. ಆಮೇಲೆ ಅದನ್ನು ತುಂಬಿಸಲು ಎಂಟು ತಿಂಗಳು ಹೋಯಿತು. ಆ ಎಂಟು ತಿಂಗಳಲ್ಲಿ ನನಗಿಂತ ಚಿಕ್ಕವರು ಮುಂದೆ ಹೋದರು. ಹಕ್ಕಿ, ನೀನು ಮೊದಲ ದಿನದಿಂದಲೇ ಬರೆದಿಡು.

ಹುಬ್ಬಳ್ಳಿ_ಮಂದಿ

ಎಟಿಆರ್ ಅಪಾಯ ಅಲ್ವಾ? ನೇಪಾಳದ ಪೋಖರಾದಲ್ಲಿ ಎಟಿಆರ್ ಬಿದ್ದ ವಿಡಿಯೊ ನೋಡಿದ ಮೇಲೆ ನಮ್ಮ ಮನೆಯವರು ಪ್ರೊಪೆಲ್ಲರ್ ವಿಮಾನ ಹತ್ತುವುದನ್ನೇ ಬಿಟ್ಟಿದ್ದಾರೆ.

ಎಟಿಆರ್_ಅಣ್ಣ

ಕೇಳಿದ್ದು ಒಳ್ಳೆಯದಾಯಿತು, ಇದನ್ನು ಬಹಳ ಜನ ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾರೆ. 2023ರ ಜನವರಿ 15ರಂದು ಪೋಖರಾದಲ್ಲಿ 72 ಜನ ತೀರಿಕೊಂಡರು. ತನಿಖೆಯಲ್ಲಿ ಸಿಕ್ಕಿದ್ದು ಏನೆಂದರೆ, ರೆಕ್ಕೆಯ ಪಟ್ಟಿ ಇಳಿಸುವ ಫ್ಲಾಪ್ ಲಿವರ್ ಎಳೆಯುವ ಬದಲು ಪ್ರೊಪೆಲ್ಲರ್ ನಿಯಂತ್ರಿಸುವ ಎರಡೂ ಕಂಡಿಷನ್ ಲಿವರ್‌ಗಳನ್ನು ಫೆದರ್‌ಗೆ (ಪ್ರೊಪೆಲ್ಲರ್ ಎಲೆಗಳು ಗಾಳಿಯನ್ನು ತಳ್ಳದ ಹಾಗೆ ತಿರುಗುವ ಸ್ಥಾನ) ಎಳೆಯಲಾಗಿತ್ತು. ಪ್ರೊಪೆಲ್ಲರ್ ತಿರುಗುತ್ತಿದ್ದರೂ ಮುಂದಕ್ಕೆ ತಳ್ಳುವ ಶಕ್ತಿ ಹೋಯಿತು. 2015ರ ಫೆಬ್ರುವರಿಯಲ್ಲಿ ತೈಪೆಯಲ್ಲಿ ಒಂದು ಎಂಜಿನ್ ಕೈಕೊಟ್ಟಾಗ ಸಿಬ್ಬಂದಿ ಸರಿಯಿದ್ದ ಎಂಜಿನ್ನನ್ನೇ ನಿಲ್ಲಿಸಿದರು. ಎರಡೂ ಎಟಿಆರ್. ಎರಡರಲ್ಲೂ ಕೈ ತಪ್ಪಾದ ಲಿವರ್‌ಗೆ ಹೋಯಿತು.

ಅದಕ್ಕೇ ನಮ್ಮಲ್ಲಿ ಲಿವರ್ ಮುಟ್ಟಿ, ಬಾಯಲ್ಲಿ ಹೇಳಿ, ಇನ್ನೊಬ್ಬರು ನೋಡಿ ಹೌದು ಅಂದ ಮೇಲೆ ಎಳೆಯುವುದು. ನಾನು ಪ್ರತಿ ಸಲ ಮಾಡುತ್ತೇನೆ, ಅವಸರ ಎಷ್ಟೇ ಇರಲಿ.

ಮಂಗಳೂರು_ಕಡಲು

ಪ್ರೊಪೆಲ್ಲರ್ ಅಂದರೆ ಅಪಾಯ, ಜೆಟ್ ಅಂದರೆ ಸುರಕ್ಷಿತ ಅನ್ನುವವರು 2010ರ ಮೇ 22 ನೆನಪಿಸಿಕೊಳ್ಳಿ. ಬಜಪೆಯಲ್ಲಿ ಬಿದ್ದದ್ದು 737 ಜೆಟ್. 158 ಜನ ಹೋದರು. ನಮ್ಮ ಬೀದಿಯ ಎರಡು ಮನೆಯವರು ಅದರಲ್ಲಿದ್ದರು.

ತನಿಖಾ ವರದಿಯನ್ನು ನಾನು ಪೂರ್ತಿ ಓದಿದ್ದೇನೆ. ವಿಮಾನ ತುಂಬಾ ಎತ್ತರದಿಂದ, ತುಂಬಾ ವೇಗವಾಗಿ ಬಂದಿತ್ತು. ಫಸ್ಟ್ ಆಫೀಸರ್ ಗೋ ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು) ಮಾಡೋಣ ಅಂತ ಮತ್ತೆ ಮತ್ತೆ ಹೇಳಿದ್ದಾರೆ. ಕ್ಯಾಪ್ಟನ್ ಇಳಿಸಲು ಮುಂದುವರಿದರು.

ಹಕ್ಕಿ ಅವರೇ, ನೀವು ಕೂರುವುದು ಅದೇ ಬಲಗಡೆ ಸೀಟಿನಲ್ಲಿ. ಯಾವ ಕಂಪನಿಯಲ್ಲಿ ಹೊಸ ಫಸ್ಟ್ ಆಫೀಸರ್ ಬಾಯಿ ಬಿಟ್ಟರೆ ಕ್ಯಾಪ್ಟನ್ ಕೇಳುತ್ತಾರೆ, ಯಾವ ಕಂಪನಿಯಲ್ಲಿ ಗೋ ಅರೌಂಡ್ ಮಾಡಿದವರನ್ನು ಮರುದಿನ ಆಫೀಸಿಗೆ ಕರೆದು ಬೈಯುವುದಿಲ್ಲ, ಅದನ್ನು ಕೇಳಿ ತಿಳಿದುಕೊಳ್ಳಿ. ನನಗೆ ಕೇಳಿದರೆ ಗಂಟೆ, ಸಂಬಳ, ಬೇಸ್ (ಡ್ಯೂಟಿ ಶುರುವಾಗುವ ಊರು) ಎಲ್ಲಾ ಅದರ ನಂತರ.

ಕಮಾಂಡ್_ಅಕ್ಕ

ಈ ಮಾತಿಗೆ ನೂರಕ್ಕೆ ನೂರು ನನ್ನ ಒಪ್ಪಿಗೆ ಇದೆ. ಫಸ್ಟ್ ಆಫೀಸರ್ ಆಗಿದ್ದಾಗ ಒಮ್ಮೆ ಮಳೆಯಲ್ಲಿ ಹೀಗೇ ಹೇಳಿದೆ. ಕ್ಯಾಪ್ಟನ್ ಒಂದು ಮಾತೂ ಆಡದೆ ಗೋ ಅರೌಂಡ್ ಮಾಡಿದರು. ಇಳಿದ ಮೇಲೆ ಥ್ಯಾಂಕ್ಸ್ ಹೇಳಿದರು. ಆ ಒಂದು ಥ್ಯಾಂಕ್ಸ್‌ಗಾಗಿ ನಾನು ಆ ಕಂಪನಿಯಲ್ಲಿ ಇನ್ನೂ ನಾಲ್ಕು ವರ್ಷ ಉಳಿದೆ.

ಬೀದರ್_ಪ್ರಯಾಣಿಕ

ನಾನು ಪೈಲಟ್ ಅಲ್ಲ, ಪ್ರಯಾಣಿಕ. ನಿಮ್ಮಂಥವರು ಸಣ್ಣ ಊರಿನ ವಿಮಾನ ಆರಿಸಿಕೊಳ್ಳಲಿ ಅಂತ ಆಸೆ. ಬೀದರ್‌ಗೆ 2020ರಲ್ಲಿ ವಿಮಾನ ಬಂತು, ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು, 2025ರಲ್ಲಿ ಮತ್ತೆ ಶುರುವಾಯಿತು. ಅಮ್ಮನನ್ನು ಬೆಂಗಳೂರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಒಂದು ಸಲ ಒಂದು ಗಂಟೆಯ ಸುಖ, ಇನ್ನೊಂದು ಸಲ ರೈಲಿನಲ್ಲಿ ಇಡೀ ರಾತ್ರಿ.

ಒಂದು ಪ್ರಶ್ನೆ: ಎಟಿಆರ್‌ನಲ್ಲಿ ಯಾಕೆ ಹಿಂದಿನ ಬಾಗಿಲಿನಿಂದ ಹತ್ತಿಸುತ್ತಾರೆ?

ಕೆಂಪೇಗೌಡ_ಸ್ಪಾಟರ್

ಮುಂದೆ ಇರುವುದು ಸರಕಿನ ಬಾಗಿಲು, ಪ್ರಯಾಣಿಕರ ಬಾಗಿಲು ಹಿಂದೆ. ಜನ ಹತ್ತುವಾಗ ಬಾಲ ಕೆಳಗೆ ಕೂತುಬಿಡಬಾರದು ಅಂತ ಹಿಂದೆ ಒಂದು ಊರುಗೋಲು ಕೊಟ್ಟಿರುತ್ತಾರೆ, ಮುಂದಿನ ಸಲ ನೋಡಿ.

ಆಕಾಶ_ಮೈಸೂರು

ಮೈಸೂರಿನ ರನ್‌ವೇ 1,740 ಮೀಟರ್. ಇಲ್ಲಿಗೆ ಬರುವುದು ಎಟಿಆರ್ ಮಾತ್ರ. ಶಿವಮೊಗ್ಗದಲ್ಲಿ 3,200 ಮೀಟರ್ ಕಟ್ಟಿದ್ದಾರೆ, ಅಲ್ಲೂ 2023ರ ಆಗಸ್ಟ್‌ನಲ್ಲಿ ಮೊದಲು ಇಳಿದದ್ದು ಎಟಿಆರೇ. ನಮ್ಮ ರಾಜ್ಯದ ಸಣ್ಣ ಊರುಗಳಿಗೆ ಈ ವಿಮಾನವಿಲ್ಲದೆ ಗತಿಯಿಲ್ಲ. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರುಮಾಡಿದ್ದೂ ಎಟಿಆರ್‌ನಿಂದಲೇ.

ರನ್‌ವೇ_27

ಅದೆಲ್ಲ ಸರಿ ಸರ್. ಆದರೆ ಊರಿನ ಮೇಲಿನ ಪ್ರೀತಿಗೆ ಕೆರಿಯರ್ ಆರಿಸಲು ಆಗುತ್ತಾ?

ಆಕಾಶ_ಮೈಸೂರು

ಆಗುತ್ತೆ ಅಂತ ನಾನು ಹೇಳಲಿಲ್ಲ. ಈ ವಿಮಾನಕ್ಕೆ ಕೆಲಸ ಇರುತ್ತದೆ, ಅದು ಎಲ್ಲೂ ಹೋಗುವುದಿಲ್ಲ ಅಂತ ಹೇಳಿದೆ.

ನಿವೃತ್ತ_ಕ್ಯಾಪ್ಟನ್

ವಿಮಾನ ಎಲ್ಲೂ ಹೋಗುವುದಿಲ್ಲ, ಕಂಪನಿ ಹೋಗುತ್ತದೆ. ಇದನ್ನು ಯಾರೂ ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ. ಟ್ರೂಜೆಟ್ 2022ರಲ್ಲಿ. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ. ನನ್ನ ಸರ್ವಿಸ್‌ನಲ್ಲಿ ಒಂದು ಕಂಪನಿ ನನ್ನ ಕಣ್ಣೆದುರೇ ಮುಚ್ಚಿತು. ಹೆಸರು ಬೇಡ. ಮೊದಲು ಸಂಬಳ 7ನೇ ತಾರೀಖಿಗೆ ಬಂತು, ಆಮೇಲೆ 20ಕ್ಕೆ, ಆಮೇಲೆ ಎರಡು ತಿಂಗಳಿಗೊಮ್ಮೆ. ಪಿಎಫ್ ಕಟ್ಟುವುದನ್ನು ನಿಲ್ಲಿಸಿದ್ದು ನಮಗೆ ಗೊತ್ತಾಗಿದ್ದು ಬಹಳ ತಡವಾಗಿ. ಮಗಳ ಫೀಸು ಕಟ್ಟಲು ಹೆಂಡತಿಯ ಬಳೆ ಮಾರಿದೆ. ನಾಲ್ಕು ಚಿನ್ನದ ಪಟ್ಟಿ ಹೆಗಲ ಮೇಲಿತ್ತು, ಮನೆಯಲ್ಲಿ ಗ್ಯಾಸ್‌ಗೆ ದುಡ್ಡಿರಲಿಲ್ಲ.

ಪ್ರಾದೇಶಿಕ ಕಂಪನಿಗಳ ಹಣದ ದಾರಿ ತಿಳಿದುಕೊಳ್ಳಮ್ಮ. ಉಡಾನ್ ಯೋಜನೆಯಲ್ಲಿ ಒಂದು ಮಾರ್ಗ ಗೆದ್ದರೆ ಕೆಲವು ಸೀಟಿನ ದರಕ್ಕೆ ಮಿತಿ ಹಾಕಿ, ನಷ್ಟ ತುಂಬಲು ಸರ್ಕಾರ ಸಹಾಯಧನ ಕೊಡುತ್ತದೆ. ಅದು 3 ವರ್ಷ ಮಾತ್ರ. ಮೂರು ವರ್ಷ ಕಳೆದ ಮೇಲೆ ಆ ಮಾರ್ಗ ತನ್ನ ಕಾಲ ಮೇಲೆ ನಿಲ್ಲದಿದ್ದರೆ ಕಂಪನಿ ಕೈಬಿಡುತ್ತದೆ. ಆದ್ದರಿಂದ ನೋಡಬೇಕಾದ್ದು: ಅವರ ಮಾರ್ಗಗಳಲ್ಲಿ ಎಷ್ಟು ಸಹಾಯಧನದ ಮೇಲೆ ನಿಂತಿವೆ, ಎಷ್ಟು ವಿಮಾನ ನಿಜವಾಗಿ ಹಾರುತ್ತಿವೆ, ಎಷ್ಟು ಬಿಡಿಭಾಗವಿಲ್ಲದೆ ನಿಂತಿವೆ. ಎಂಟು ವಿಮಾನವಿದ್ದು ಐದು ಹಾರಿದರೆ ಪೈಲಟ್‌ಗಳ ಗಂಟೆಯೂ ಐದರದೇ. ಫ್ಲೈಟ್ ಟ್ರ್ಯಾಕಿಂಗ್ ಆ್ಯಪ್‌ನಲ್ಲಿ ಎರಡು ವಾರ ಕೂತು ನೋಡಿದರೆ ಮನೆಯಿಂದಲೇ ಎಣಿಸಬಹುದು.

ಹಾವೇರಿ_ಹಕ್ಕಿ

ಸರ್, ಓದಿ ಕಣ್ಣು ತುಂಬಿ ಬಂತು. ಎರಡು ವಾರ ಇಲ್ಲ, ಎಂಟು ದಿನ ಇದೆ. ಇವತ್ತಿನಿಂದಲೇ ಎಣಿಸುತ್ತೇನೆ.

ಬಾಂಡ್ ಬಗ್ಗೆಯೂ ಯಾರಾದರೂ ಹೇಳಿ. 40 ಪುಟ ಇದೆ. ಅರ್ಧ ಅರ್ಥವಾಗಲಿಲ್ಲ.

ಕರಾರು_ಓದಿ

ವಕೀಲ ನಾನು, ಧಾರವಾಡದಲ್ಲಿ. ಪೈಲಟ್‌ಗಳ ಎರಡು ಮೂರು ಬಾಂಡ್ ಕೇಸ್ ನೋಡಿದ್ದೇನೆ. ಸಹಿ ಹಾಕುವ ಮುಂಚೆ ಈ ಜಾಗಗಳನ್ನು ಹುಡುಕಿ.

ವರ್ಷ ಎಷ್ಟು ಅನ್ನುವುದಕ್ಕಿಂತ ಅದು ಯಾವ ದಿನದಿಂದ ಶುರು ಅನ್ನುವುದು ಮುಖ್ಯ. ಸೇರಿದ ದಿನದಿಂದಲೋ, ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸುವ ಅರ್ಹತೆಯ ತರಬೇತಿ) ಮುಗಿದ ದಿನದಿಂದಲೋ, ಲೈನ್ ರಿಲೀಸ್ ಆದ (ತರಬೇತಿ ಮುಗಿಸಿ ಮಾಮೂಲಿ ಡ್ಯೂಟಿಗೆ ಬಿಟ್ಟ) ದಿನದಿಂದಲೋ? ಕಂಪನಿಯ ಕಾರಣಕ್ಕೆ ಸಿಮ್ಯುಲೇಟರ್ ಸ್ಲಾಟ್ ಸಿಗದೆ ಆರು ತಿಂಗಳು ಕೂತರೆ, ಆ ಆರು ತಿಂಗಳು ನಿಮ್ಮ ಲೆಕ್ಕಕ್ಕೆ ಬರದೇ ಹೋಗಬಹುದು. 3 ವರ್ಷ ಅಂದದ್ದು ನಾಲ್ಕು ಆಗುತ್ತದೆ.

ಹಣ ವರ್ಷ ಕಳೆದಂತೆ ಕಡಿಮೆಯಾಗುತ್ತದೋ, ಕೊನೆಯ ದಿನದವರೆಗೂ ಪೂರ್ತಿಯೇ ಇರುತ್ತದೋ ನೋಡಿ. ಕಡಿಮೆಯಾಗುತ್ತಾ ಬರಬೇಕು ಅಂತ ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ. ಕಾಂಟ್ರಾಕ್ಟ್ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕರಾರು ಮುರಿದಾಗ ಸಿಗುವುದು ನ್ಯಾಯವಾದ ಪರಿಹಾರ, ಬರೆದಿರುವ ಮೊತ್ತ ಅದರ ಗರಿಷ್ಠ ಮಿತಿ. ಆದರೆ ಕೋರ್ಟಿಗೆ ಹೋಗಿ ಅದನ್ನು ವಾದಿಸಲು ವರ್ಷಗಳು ಬೇಕು. ಅಷ್ಟರಲ್ಲಿ ನಿಮ್ಮ ಕೆರಿಯರ್ ನಿಂತಿರುತ್ತದೆ.

ಭದ್ರತೆಗೆ ಅಂತ ಚೆಕ್ ಕೇಳಿದರೆ ಖಾಲಿ ಚೆಕ್ ಕೊಡಬೇಡಿ. ಮೊತ್ತ ಬರೆದು, ಯಾವುದಕ್ಕಾಗಿ ಅಂತ ಪತ್ರದಲ್ಲಿ ನಮೂದಿಸಿ ಕೊಡಿ. ಚೆಕ್ ಬೌನ್ಸ್ ಆದರೆ ಅದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್‌ನ ಕ್ರಿಮಿನಲ್ ಕೇಸ್.

ಇನ್ನೊಂದು: ಕಂಪನಿಯೇ ಮುಚ್ಚಿದರೆ, ಸಂಬಳವನ್ನೇ ಕೊಡದಿದ್ದರೆ ಬಾಂಡ್ ರದ್ದಾಗುತ್ತದೆ ಅಂತ ಸ್ಪಷ್ಟವಾಗಿ ಬರೆದಿದೆಯಾ? ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ.

ಎಟಿಆರ್_ಅಣ್ಣ

ಬಾಂಡ್ ಬೇರೆ, ನೋಟಿಸ್ ಬೇರೆ, ಎರಡನ್ನೂ ಕಲಸಬೇಡಿ. 2017ರ ಡಿಜಿಸಿಎ (ವಿಮಾನಯಾನ ನಿಯಂತ್ರಣ ಸಂಸ್ಥೆ) ನಿಯಮದ ಪ್ರಕಾರ ಫಸ್ಟ್ ಆಫೀಸರ್ 6 ತಿಂಗಳು, ಕ್ಯಾಪ್ಟನ್ ಒಂದು ವರ್ಷ ನೋಟಿಸ್ ಕೊಡಬೇಕು. ಬಾಂಡ್ ಮುಗಿದ ಮರುದಿನವೇ ಹಾರಿಹೋಗುತ್ತೇನೆ ಅಂತ ಅಂದುಕೊಂಡರೆ ಆಗಲ್ಲ.

ರನ್‌ವೇ_27

ಅಂದರೆ ಎಟಿಆರ್‌ಗೆ ಸೇರಿ, ಬಾಂಡ್ ಮುಗಿಸಿ, ನೋಟಿಸ್ ಮುಗಿಸಿ, ಆಮೇಲೆ ಏರ್‌ಬಸ್ ಟೈಪ್ ರೇಟಿಂಗ್ ಮತ್ತೆ ಮೊದಲಿಂದ. ನಾನು ಹೇಳಿದ್ದು ಇದನ್ನೇ. ಸಣ್ಣ ಜೆಟ್‌ನಲ್ಲಿ ಶುರುಮಾಡಿದರೆ ಗ್ಲಾಸ್ ಕಾಕ್‌ಪಿಟ್ (ಹಳೆಯ ಮೀಟರ್‌ಗಳ ಬದಲು ಪರದೆಗಳು), ಎತ್ತರ, ವೇಗ, ಎಲ್ಲಾ ಅಭ್ಯಾಸವಾಗಿರುತ್ತದೆ.

ಕಮಾಂಡ್_ಅಕ್ಕ

ಸಣ್ಣ ಜೆಟ್‌ನಿಂದ ಏರ್‌ಬಸ್‌ಗೆ ಹೋದರೂ ಟೈಪ್ ರೇಟಿಂಗ್ ಮೊದಲಿಂದಲೇ ತಮ್ಮ. ಸಣ್ಣ ಜೆಟ್ ತಯಾರಿಸುವ ಎಂಬ್ರೇರ್‌ನದೇ ಇಆರ್‌ಜೆ 145ರಿಂದ ಇ175ಕ್ಕೆ ಹೋಗಲೂ ಬೇರೆ ರೇಟಿಂಗ್ ಬೇಕು. ಗ್ಲಾಸ್ ಕಾಕ್‌ಪಿಟ್ 72-600ರಲ್ಲೂ ಇದೆ. ಹಳೆಯ 72-500 ನೋಡಿ ಹೇಳುತ್ತಿದ್ದೀಯ ಅನ್ನಿಸುತ್ತದೆ.

ರನ್‌ವೇ_27

ಸರಿ ಅಕ್ಕ, ಆ ಒಂದು ಮಾತು ವಾಪಸ್ ತಗೊಂಡೆ. ಜೆಟ್ ಗಂಟೆಯ ಮಾತಿಗೆ ಮಾತ್ರ ಈಗಲೂ ಬದ್ಧ.

ಡಲ್ಲಾಸ್_ಕನ್ನಡತಿ

ಅಮೆರಿಕದಲ್ಲಿ ರೀಜನಲ್ ಕಂಪನಿಯಲ್ಲಿ ಇ175 ಹಾರಿಸುತ್ತೇನೆ. ಊರು ತುಮಕೂರು. ಇಲ್ಲಿಯ ಕಥೆ ಬೇರೆ. 2009ರ ಫೆಬ್ರುವರಿಯಲ್ಲಿ ಬಫಲೋ ಹತ್ತಿರ ಕೋಲ್ಗನ್ ಏರ್ ವಿಮಾನ ಬಿದ್ದ ಮೇಲೆ ಕಾನೂನು ಬದಲಾಯಿತು. ಈಗ ಫಸ್ಟ್ ಆಫೀಸರ್ ಆಗಲೂ ಸಾಮಾನ್ಯವಾಗಿ 1,500 ಗಂಟೆ ಬೇಕು. ನಾನು ಆ ಗಂಟೆ ತುಂಬಿಸಲು ಎರಡು ವರ್ಷ ಸಣ್ಣ ಸೆಸ್ನಾದಲ್ಲಿ ಮಕ್ಕಳಿಗೆ ಪಾಠ ಹೇಳಿದೆ. 212 ಗಂಟೆಗೆ ನಿಮಗೆ ಏರ್‌ಲೈನ್ ಸೀಟು ಸಿಗುತ್ತಿರುವುದು ದೊಡ್ಡ ವಿಷಯ.

ಇಲ್ಲಿ ಕಲಿತ ಒಂದು ಪಾಠ ಅಲ್ಲಿಗೂ ಹೊಂದುತ್ತದೆ. ಸೀನಿಯಾರಿಟಿ ಅಂದರೆ ಸೇರಿದ ತಾರೀಖು. ನನಗಿಂತ ಮೂರು ವಾರ ಮೊದಲು ಸೇರಿದ ಹುಡುಗನಿಗೆ ಮನೆಯ ಹತ್ತಿರದ ಬೇಸ್ ಸಿಕ್ಕಿತು. ನಾನು 14 ತಿಂಗಳು ಬೇರೆ ಊರಿನಿಂದ ಡ್ಯೂಟಿಗೆ ಓಡಾಡಿದೆ. ಐದು ತಿಂಗಳು ಕಾಯುವುದು ಅಂದರೆ ಐದು ತಿಂಗಳ ಜನ ನಿಮ್ಮ ಮುಂದೆ ನಿಲ್ಲುವುದು.

ಗಲ್ಫ್_ಕನ್ನಡಿಗ

ತಾರೀಖಿನ ಮಾತು ನಿಜ. ಆಫರ್ ಲೆಟರ್ ಕೈಯಲ್ಲಿದ್ದರೂ ಬ್ಯಾಚ್ ಮುಂದೆ ಹೋಗುತ್ತಾ ಹೋಗಿ ಒಂದು ವರ್ಷ ಕಳೆದವರನ್ನು ನೋಡಿದ್ದೇನೆ. ಇದು ಯಾವ ಒಂದು ಕಂಪನಿಯ ಮಾತೂ ಅಲ್ಲ. ನನ್ನ ಮೊದಲಿನ ಸಲಹೆಯನ್ನು ಅಷ್ಟರಮಟ್ಟಿಗೆ ಬದಲಿಸುತ್ತೇನೆ: ಎರಡೂ ಬ್ಯಾಚ್ ಒಂದೇ ತಿಂಗಳಲ್ಲಿ ಇದ್ದಿದ್ದರೆ ಜೆಟ್ ಅನ್ನುತ್ತಿದ್ದೆ.

ನಿದ್ದೆ_ಬೇಕು

ರೋಸ್ಟರ್ (ಡ್ಯೂಟಿ ಪಟ್ಟಿ) ಬಗ್ಗೆ ಯಾರೂ ಕೇಳಲಿಲ್ಲವಲ್ಲ. 2025ರ ಜುಲೈನಿಂದ ಪೈಲಟ್‌ಗಳ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿದೆ. ನವೆಂಬರ್‌ನಿಂದ ರಾತ್ರಿ ಲ್ಯಾಂಡಿಂಗ್ ಮಿತಿ 6 ಇದ್ದದ್ದು 2ಕ್ಕೆ ಇಳಿಯಿತು. ಡಿಸೆಂಬರ್‌ನಲ್ಲಿ ಇಂಡಿಗೋದ ಸಾವಿರಾರು ವಿಮಾನ ರದ್ದಾಗಿ ಎಲ್ಲರಿಗೂ ಈ ನಿಯಮದ ಹೆಸರು ಗೊತ್ತಾಯಿತು, ಸ್ವಲ್ಪ ಕಾಲಕ್ಕೆ ವಿನಾಯಿತಿಯನ್ನೂ ಕೊಟ್ಟರು. ದಿನಕ್ಕೆ ನಾಲ್ಕು ಲ್ಯಾಂಡಿಂಗ್ ಅಂದರೆ ಕಲಿಯಲು ಚೆನ್ನ, ಆದರೆ ಮಳೆಗಾಲದಲ್ಲಿ ಸತತ ಮೂರು ದಿನ ಬೆಳಿಗ್ಗೆ 3 ಗಂಟೆಗೆ ಎದ್ದು ಮಾಡಿದರೆ ಮೈ ಹೇಳುತ್ತದೆ. ಅಲ್ಲಿ ಆಯಾಸವಾಗಿದೆ ಅಂತ ವರದಿ ಕೊಟ್ಟರೆ ಹೇಗೆ ನೋಡುತ್ತಾರೆ ಅಂತ ವಿಚಾರಿಸಿ.

ಮಗಳ_ಅಪ್ಪ

ನನ್ನ ಮಗಳೂ ಈಗ ಫ್ಲೈಯಿಂಗ್ ಸ್ಕೂಲ್‌ನಲ್ಲಿದ್ದಾಳೆ. ಒಂದು ಮಾತು ಹೇಳುತ್ತೇನಮ್ಮ. ನಿಮ್ಮ ಅಪ್ಪ ಸುಮ್ನೆ ಇದ್ದಾರೆ ಅಂದಿರಲ್ಲ, ಅವರಿಗೆ ಸಾಲಕ್ಕಿಂತ ನೀವು ಎರಡು ವರ್ಷ ಮನೆಯಲ್ಲಿ ಕೂತು ನೊಂದದ್ದೇ ಜಾಸ್ತಿ ಕಾಡಿರುತ್ತದೆ. ಅವರ ಹತ್ತಿರ ಕೂತು ಎರಡೂ ಪತ್ರ ತೋರಿಸಿ. ಬೀಜದ ವ್ಯಾಪಾರ ಮಾಡಿದವರಿಗೆ ಕರಾರು ಓದಲು ನಮಗಿಂತ ಚೆನ್ನಾಗಿ ಬರುತ್ತದೆ.

ಕಮಾಂಡ್_ಅಕ್ಕ

ಹಕ್ಕಿ, ಹೆಣ್ಣುಮಕ್ಕಳಾಗಿ ಕೇಳಬೇಕಾದ್ದು ಎರಡಿವೆ. ರಾತ್ರಿ ಉಳಿಯುವ ಊರಿನಲ್ಲಿ ಹೋಟೆಲ್, ಪಿಕಪ್ ವ್ಯವಸ್ಥೆ ಹೇಗಿದೆ? ಗರ್ಭಿಣಿಯಾಗಿ ಹಾರಾಟ ನಿಂತಾಗ ನೆಲದ ಕೆಲಸ ಕೊಡುತ್ತಾರಾ, ಬಾಂಡ್‌ನ ದಿನ ಆಗ ಎಣಿಕೆಯಾಗುತ್ತದಾ? 26 ವಾರದ ಹೆರಿಗೆ ರಜೆ ಕಾನೂನಿನಲ್ಲಿದೆ, ಬಾಂಡ್‌ನಲ್ಲಿ ಅದನ್ನು ಹೇಗೆ ಬರೆದಿದ್ದಾರೆ ನೋಡು. ಈಗ ದೂರದ ಮಾತು ಅನ್ನಿಸಬಹುದು, 5 ವರ್ಷ ದೂರವಲ್ಲ. ಮೆಡಿಕಲ್ ಫಿಟ್‌ನೆಸ್ ಕೈಕೊಟ್ಟರೆ ಅಂತ ಲೈಸೆನ್ಸ್ ನಷ್ಟದ ವಿಮೆಯೂ ಇದೆಯಾ ಕೇಳು.

ವೇದಿಕೆ_ನಿರ್ವಾಹಕ

ಕೆಲವರು ಕಂಪನಿಗಳ ಹೆಸರು ಊಹಿಸಿ ಬರೆದಿದ್ದರು, ತೆಗೆದಿದ್ದೇನೆ. ಕೇಳಿದವರು ಬೇಡ ಅಂದಿದ್ದಾರೆ, ಗೌರವಿಸೋಣ.

ಹಾವೇರಿ_ಹಕ್ಕಿ

ಎಲ್ಲರಿಗೂ. ಎಂಟು ದಿನ ಕಳೆಯಿತು. ನಾನು ಮಾಡಿದ್ದನ್ನು ಹೇಳುತ್ತೇನೆ, ಮುಂದೆ ಇದೇ ಪ್ರಶ್ನೆ ಹೊತ್ತು ಬರುವವರಿಗೆ ಉಪಯೋಗವಾಗಲಿ.

ಎರಡೂ ಕಡೆ ಹಾರುತ್ತಿರುವ ಹೊಸ ಫಸ್ಟ್ ಆಫೀಸರ್‌ಗಳನ್ನು ಹುಡುಕಿ ಮಾತಾಡಿದೆ. ಒಟ್ಟು ಏಳು ಜನ. ಇಬ್ಬರು ಲಾಗ್‌ಬುಕ್ ಫೋಟೊನೇ ಕಳಿಸಿದರು. ಗಂಟೆಯಲ್ಲಿ ಎರಡೂ ಕಡೆ ನಾನು ಹೆದರಿದಷ್ಟು ವ್ಯತ್ಯಾಸ ಇರಲಿಲ್ಲ. ಕ್ಯಾಪ್ಟನ್‌ಗಳ ಬಗ್ಗೆಯೂ ಎರಡೂ ಕಡೆ ಒಳ್ಳೆಯ ಮಾತೇ ಬಂತು. ಅದು ಕೇಳಿ ತುಂಬಾ ಖುಷಿಯಾಯಿತು. ವಿಮಾನಗಳನ್ನೂ ಎಣಿಸಿದೆ. ಅಪ್ಪನೂ ನನ್ನ ಜೊತೆ ಕೂತು ಎಣಿಸಿದರು, ಅಂಗಡಿಯ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡರು.

ಬಾಂಡ್ ಪತ್ರ ಹಿಡಿದು ಧಾರವಾಡಕ್ಕೆ ಹೋದೆ. ವಕೀಲರು ಒಂದು ರೂಪಾಯಿ ತಗೊಳ್ಳಲಿಲ್ಲ. ಎಟಿಆರ್ ಪತ್ರದಲ್ಲಿ ದಿನ ಯಾವಾಗಿನಿಂದ ಎಣಿಸುತ್ತೀರಿ ಅಂತ ಮೇಲ್ ಬರೆದು ಕೇಳಿದೆ. ಟೈಪ್ ರೇಟಿಂಗ್ ಶುರುವಾದ ದಿನದಿಂದ ಅಂತ ಬರವಣಿಗೆಯಲ್ಲೇ ಉತ್ತರ ಬಂತು. ವರ್ಷಕ್ಕೆ ಇಷ್ಟು ಅಂತ ಮೊತ್ತ ಇಳಿಯುತ್ತದೆ ಅಂತಲೂ ಬರೆದುಕೊಟ್ಟರು.

ಎಟಿಆರ್‌ಗೆ ಹೂಂ ಅಂದೆ. ತಾರೀಖು ಹತ್ತಿರ ಇದೆ, ಬರೆದುಕೊಟ್ಟ ಮಾತು ಇದೆ. ಜೊತೆಗೆ ನನಗೆ ಕೈಯಲ್ಲಿ ಹಾರಿಸುವುದು ಇಷ್ಟ, ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಜೆಟ್ ಕಂಪನಿಯವರಿಗೆ ಗೌರವದಿಂದ ಪತ್ರ ಬರೆದೆ, ಅವರೂ ಚೆನ್ನಾಗಿಯೇ ಉತ್ತರಿಸಿದರು. ಬೇಸ್ ಹೈದರಾಬಾದ್. ಅಮ್ಮ ಎರಡು ದಿನ ಮಾತಾಡಲಿಲ್ಲ. ಇವತ್ತು ಶೇಂಗಾ ಚಟ್ನಿಪುಡಿ ಕುಟ್ಟುತ್ತಿದ್ದಾರೆ.

ರನ್‌ವೇ_27

ಜೆಟ್ ಅಂತ ವಾದ ಮಾಡಿದ್ದೆ, ಆದರೂ ನಿಮ್ಮ ಬಗ್ಗೆ ತುಂಬಾ ಸಂತೋಷ. ಏಳು ಜನರನ್ನು ಕೇಳಿದ್ದೀರಿ! ನಾನು ಯಾರನ್ನೂ ಕೇಳದೆ ಸಹಿ ಹಾಕಿದ್ದೆ.

ನಿವೃತ್ತ_ಕ್ಯಾಪ್ಟನ್

ಒಳ್ಳೆಯದಾಗಲಿ ಮಗಳೇ. ಪಿಎಫ್ ಪಾಸ್‌ಬುಕ್ ಪ್ರತಿ ತಿಂಗಳು ನೋಡು.

ಬೀದರ್_ಪ್ರಯಾಣಿಕ

ಒಂದು ದಿನ ಬೀದರ್‌ಗೂ ಬನ್ನಿ ಮೇಡಂ.

ಹಾವೇರಿ_ಹಕ್ಕಿ

ರೋಸ್ಟರ್‌ನಲ್ಲಿ ಹಾಕಿದರೆ ಖಂಡಿತ ಬರುತ್ತೇನೆ ಸರ್!

ಕೊನೆಯ ಪ್ರಶ್ನೆ. ಬ್ಯಾಚ್ ಶುರುವಾಗಲು 19 ದಿನ ಇದೆ. ಅಷ್ಟರಲ್ಲಿ ಏನು ಓದಲಿ?

ಎಟಿಆರ್_ಅಣ್ಣ

ಕಂಪನಿ ಪುಸ್ತಕ ಕೊಡುವವರೆಗೆ ಸಿಕ್ಕಿದ ಹಳೆಯ ನೋಟ್ಸ್ ಓದಬೇಡ, ಅದರಲ್ಲಿ 72-500ರ ನಂಬರ್‌ಗಳು ಸೇರಿಕೊಂಡಿರುತ್ತವೆ. ಪ್ರೊಪೆಲ್ಲರ್ ಹೇಗೆ ಕೆಲಸ ಮಾಡುತ್ತದೆ, ಫೆದರ್ ಅಂದರೆ ಏನು, ರೆಕ್ಕೆಯ ಮೇಲೆ ಮಂಜುಗಡ್ಡೆ ಕೂತರೆ ಏನಾಗುತ್ತದೆ, ಈ ಮೂರನ್ನು ಗಟ್ಟಿ ಮಾಡಿಕೊ. ಮತ್ತೆ ದಿನಾ ಸರಿಯಾಗಿ ನಿದ್ದೆ ಮಾಡು.

ನನ್ನ ಹತ್ತಿರ 72-600 ಕಾಕ್‌ಪಿಟ್‌ನ ದೊಡ್ಡ ಪೋಸ್ಟರ್ ಇದೆ, ಗೋಡೆಗೆ ಅಂಟಿಸಿ ಕುರ್ಚಿ ಹಾಕಿಕೊಂಡು ಕೈ ಆಡಿಸಿ ಅಭ್ಯಾಸ ಮಾಡುವುದಕ್ಕೆ. ಎರಡು ಕಡೆ ಹರಿದಿದೆ, ಓವರ್‌ಹೆಡ್ ಪ್ಯಾನಲ್ ಚೆನ್ನಾಗಿದೆ. ಶನಿವಾರ ನನಗೆ ರಜೆ. ಯಶವಂತಪುರ ಸ್ಟೇಷನ್‌ಗೆ ಬರುವ ಹಾಗಿದ್ದರೆ ತಂದುಕೊಡುತ್ತೇನೆ, ಮೆಸೇಜ್ ಮಾಡು.